ಮನೆಯಡಿಯ ಕ್ರಾಲ್ ಸ್ಪೇಸ್‌ಗೆ ನುಗ್ಗುವ ಮಳೆನೀರು: ಹೊರಗಿನ ಚರಂಡಿಯಿಂದ ಎಷ್ಟು ಪರಿಹಾರ?

ಪ್ರಶ್ನೆ: ನಮ್ಮ ಮನೆಯನ್ನು ಕ್ರಾಲ್ ಸ್ಪೇಸ್ ಬಿಟ್ಟು ಕಟ್ಟಲಾಗಿದೆ. ಮನೆಯ ನೆಲವನ್ನು ಹೊತ್ತ ಮರದ ತೊಲೆಗಳಿಗೂ ಕೆಳಗಿನ ಮಣ್ಣಿಗೂ ನಡುವೆ ಒಬ್ಬರು ತೆವಳಿಕೊಂಡು ಹೋಗುವಷ್ಟು ಜಾಗವಿದೆ. ಹಿತ್ತಲು ಮನೆಯ ಕಡೆಗೇ ಇಳಿಜಾರಾಗಿದೆ. ಜೋರು ಮಳೆ ಬಂದಾಗಲೆಲ್ಲ ಹಿಂಬದಿಯ ಗೋಡೆಗೆ ತಾಗಿ ನೀರು ನಿಲ್ಲುತ್ತದೆ, ಸ್ವಲ್ಪ ಹೊತ್ತಿನಲ್ಲೇ ಒಳಗಿನ ಮಣ್ಣು ಕೆಸರಾಗುತ್ತದೆ. ಮನೆಯ ಸುತ್ತ ಜಾಲರಿ ಮುಚ್ಚಿದ ಚರಂಡಿ ಹಾಕಿಸಬೇಕೆಂದು ಒಬ್ಬ ಗುತ್ತಿಗೆದಾರರು ಹೇಳುತ್ತಾರೆ. ಅದು ದಂಡ, ಒಳಗೆ ಪಂಪು ಕೂರಿಸಿ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸಾಕು ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಸರಿ?

ಉತ್ತರ: ನೀವು ವಿವರಿಸಿರುವ ಲಕ್ಷಣಗಳನ್ನು ನೋಡಿದರೆ ಮೊದಲನೆಯವರ ಮಾತೇ ಸತ್ಯಕ್ಕೆ ಹತ್ತಿರವಾಗಿದೆ. ಆದರೆ ಚರಂಡಿ ಮನೆಯ ಸುತ್ತಲೂ ಬೇಕಾಗಿಲ್ಲ, ಅದು ಮೊದಲು ಮಾಡಬೇಕಾದ ಕೆಲಸವೂ ಅಲ್ಲ. ನೆಲದ ಮೇಲೆ ಕಣ್ಣಿಗೆ ಕಾಣುವಂತೆ ಹರಿಯುವ ನೀರನ್ನು ಹಿಡಿದು ಸಾಗಿಸುವುದಷ್ಟೇ ಮೇಲ್ಮೈ ಚರಂಡಿಯ ಕೆಲಸ. ಮಣ್ಣಿನೊಳಗಿನಿಂದ ಏರುವ ಅಂತರ್ಜಲಕ್ಕಾಗಲೀ ಗಾಳಿಯಲ್ಲಿ ಬರುವ ತೇವಕ್ಕಾಗಲೀ ಅದರಿಂದ ಏನೂ ಆಗುವುದಿಲ್ಲ. ಆದ್ದರಿಂದ ಅಗೆಯುವ ಮುನ್ನ, ಒಳಗಿನ ಕೆಸರಿಗೆ ಕಾರಣವಾಗಿರುವುದು ಯಾವ ನೀರು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಇದಕ್ಕೆ ದುಬಾರಿ ಉಪಕರಣಗಳೇನೂ ಬೇಡ, ನೀರು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿದರೆ ಬಹುಪಾಲು ತಿಳಿಯುತ್ತದೆ. ಮಳೆ ಜೋರಾದ ಕೆಲವೇ ಗಂಟೆಗಳಲ್ಲಿ ಗೋಡೆಯ ಒಂದೆರಡು ನಿರ್ದಿಷ್ಟ ಕಡೆಗಳಿಂದ ನೀರು ಒಳಬಂದು, ಮಳೆ ನಿಂತ ಮೇಲೆ ಬೇಗ ಕಡಿಮೆಯಾದರೆ ಅದು ಮೇಲ್ಮೈ ನೀರು ಅಥವಾ ಛಾವಣಿಯ ನೀರು. ಮಳೆ ನಿಂತು ಒಂದೆರಡು ದಿನಗಳಾದ ಮೇಲೆ ಒಳಗಿನ ನೆಲದಿಂದಲೇ ನೀರು ಒಸರಿ, ಹಲವು ದಿನ ಇಳಿಯದೆ ನಿಂತರೆ ಅಂತರ್ಜಲದ ಮಟ್ಟ ಏರಿದೆ ಎಂದು ಊಹಿಸಬಹುದು. ಮಳೆಗೂ ತೇವಕ್ಕೂ ಸಂಬಂಧವೇ ಕಾಣದಿದ್ದರೆ ನೀರಿನ ಪೈಪನ್ನು ಅನುಮಾನಿಸಬೇಕು. ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿ ಮೀಟರನ್ನು ನೋಡಿ. ಯಾರೂ ನೀರು ಬಳಸದಿರುವಾಗಲೂ ಅದು ಓಡುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಒಳಚರಂಡಿಯ ಪೈಪು ಒಡೆದಿದ್ದರೆ ಮೀಟರು ಅದನ್ನು ತೋರಿಸುವುದಿಲ್ಲ, ಆ ಸುಳಿವನ್ನು ವಾಸನೆಯೇ ಕೊಡಬೇಕು.

ಇನ್ನೊಂದು ಸಣ್ಣ ಪರೀಕ್ಷೆಯನ್ನೂ ಮಾಡಬಹುದು. ಕ್ರಾಲ್ ಸ್ಪೇಸ್‌ನ ಮಣ್ಣಿನ ಮೇಲೆ ಒಂದು ಮೀಟರ್ ಅಗಲದ ಪಾರದರ್ಶಕ ಪ್ಲಾಸ್ಟಿಕ್ ತುಂಡನ್ನು ಹಾಸಿ, ಅಂಚುಗಳಿಗೆ ಮಣ್ಣು ಒತ್ತಿ ಒಂದೆರಡು ದಿನ ಬಿಡಿ. ಹಾಳೆಯ ಕೆಳಮೈಯಲ್ಲಿ ಹನಿಗಟ್ಟಿದ್ದರೆ ತೇವ ಮಣ್ಣಿನಿಂದ ಏಳುತ್ತಿದೆ, ಮೇಲ್ಮೈಯಲ್ಲಿ ಹನಿಗಟ್ಟಿದ್ದರೆ ಗಾಳಿಯ ತೇವ ತಂಪಾಗಿ ನೀರಾಗುತ್ತಿದೆ. ಎರಡೂ ಕಡೆ ಹನಿ ಕಾಣುವುದು ಅಪರೂಪವಲ್ಲ. ನಿಮ್ಮಲ್ಲಿ ನೀರು ಗೋಡೆಗೆ ತಾಗಿ ನಿಲ್ಲುವುದು ಕಣ್ಣಿಗೇ ಕಾಣುತ್ತಿರುವುದರಿಂದ ಮುಖ್ಯ ಕಾರಣದ ಬಗ್ಗೆ ನನಗೆ ಹೆಚ್ಚು ಸಂದೇಹವಿಲ್ಲ. ಆದರೂ ಜೋರು ಮಳೆಯಲ್ಲಿ ಕೊಡೆ ಹಿಡಿದು ಒಮ್ಮೆ ಮನೆಯ ಸುತ್ತ ನಡೆದು, ನೀರು ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಬಂದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಗುತ್ತಿಗೆದಾರರು ಒಣ ದಿನ ಬಂದು ಹಾಕಿಕೊಡುವ ನಕ್ಷೆಗಿಂತ ಈ ಗುರುತುಗಳಿಗೆ ಬೆಲೆ ಹೆಚ್ಚು.

ನೀರು ಗೋಡೆಯ ಬುಡಕ್ಕೇ ಹುಡುಕಿಕೊಂಡು ಬಂದಂತೆ ಬರುವುದಕ್ಕೆ ಕಾರಣವಿದೆ. ಅಡಿಪಾಯ ಕಟ್ಟುವಾಗ ಅಗೆದು, ಕಟ್ಟಿದ ಮೇಲೆ ಮರಳಿ ತುಂಬಿದ ಮಣ್ಣು ಸುತ್ತಲಿನ ಅಗೆಯದ ಮಣ್ಣಿನಷ್ಟು ಬಿಗಿಯಾಗಿರುವುದಿಲ್ಲ. ವರ್ಷಗಳು ಕಳೆದಂತೆ ಅದು ಕುಸಿದು ಗೋಡೆಯುದ್ದಕ್ಕೂ ತಗ್ಗಾಗುತ್ತದೆ, ಸಡಿಲವಾಗಿರುವುದರಿಂದ ನೀರನ್ನೂ ಬೇಗ ಒಳಗಿಳಿಸುತ್ತದೆ. ಅನೇಕ ಮನೆಗಳಲ್ಲಿ ಕ್ರಾಲ್ ಸ್ಪೇಸ್‌ನ ಒಳನೆಲ ಹೊರಗಿನ ನೆಲಕ್ಕಿಂತ ತಗ್ಗಿನಲ್ಲಿರುತ್ತದೆ. ಹಾಗಿದ್ದಾಗ ಅಡಿಪಾಯದ ಗೋಡೆಯ ಸಂದುಗಳು, ಪೈಪು ಹಾಯ್ದ ರಂಧ್ರಗಳು, ಗಾಳಿಕಿಂಡಿಗಳು ಎಲ್ಲವೂ ನೀರಿಗೆ ಬಾಗಿಲಾಗುತ್ತವೆ, ಒಳಗೆ ಸೇರಿದ ನೀರು ತೂತಿಲ್ಲದ ಬಾನಿಯಲ್ಲಿ ನಿಂತಂತೆ ನಿಲ್ಲುತ್ತದೆ. ಗೋಡೆಯ ಬುಡಕ್ಕೆ ಅಂದಕ್ಕಾಗಿ ಜಲ್ಲಿ ಸುರಿಯುವುದರಿಂದಲೂ, ಹೂವಿನ ಪಾತಿಗೆ ಕಲ್ಲಿನ ಅಂಚು ಕಟ್ಟುವುದರಿಂದಲೂ ಇದು ಹೆಚ್ಚುತ್ತದೆ. ಜಲ್ಲಿಯ ಮೂಲಕ ನೀರು ಸರಾಗವಾಗಿ ಕೆಳಗಿಳಿಯುತ್ತದೆ, ಪಾತಿಯ ಅಂಚು ಬದುವಾಗಿ ನಿಂತು ನೀರನ್ನು ಮನೆಯ ಕಡೆಯೇ ತಡೆಹಿಡಿಯುತ್ತದೆ.

ಮೊದಲು ಛಾವಣಿಯ ನೀರನ್ನು ದೂರ ಸಾಗಿಸಿ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರಾಗುತ್ತದೆ. ಹಿಂಬದಿಗೆ ಇಳಿದಿರುವ ಛಾವಣಿ 60 ಚದರ ಮೀಟರ್ ಇದೆ ಎಂದುಕೊಂಡರೆ 50 ಮಿಲಿಮೀಟರ್ ಮಳೆಗೆ 3000 ಲೀಟರ್ ನೀರು ಆ ಒಂದೇ ಬದಿಯಲ್ಲಿ ಸುರಿಯುತ್ತದೆ. ಸೂರಿಗೆ ದೋಣಿಯೇ ಇಲ್ಲದಿದ್ದರೆ, ಅಥವಾ ದೋಣಿಯ ನೀರನ್ನು ಇಳಿಸುವ ಪೈಪು ಗೋಡೆಯ ಬುಡದಲ್ಲೇ ಕೊನೆಗೊಂಡಿದ್ದರೆ, ಇಷ್ಟೂ ನೀರು ಸಡಿಲ ಮಣ್ಣಿನ ಮೇಲೇ ಬೀಳುತ್ತದೆ. ಇಳಿಪೈಪಿನ ನೀರನ್ನು ಗೋಡೆಯಿಂದ ಕನಿಷ್ಠ 2 ಮೀಟರ್, ಜಾಗವಿದ್ದರೆ 3 ಮೀಟರ್ ಆಚೆಗೆ, ಅಲ್ಲಿಂದ ಮುಂದೆ ತಾನಾಗಿ ಹರಿದುಹೋಗುವ ಕಡೆಗೆ ಒಯ್ಯಬೇಕು. ನಿಮ್ಮ ಹಿತ್ತಲು ಮನೆಯ ಕಡೆಗೇ ಇಳಿದಿರುವುದರಿಂದ ಹಿಂಬದಿಯಲ್ಲಿ ಪೈಪನ್ನು ಸುಮ್ಮನೆ ಉದ್ದ ಮಾಡಿದರೆ ನೀರು ತಿರುಗಿ ಬರುತ್ತದೆ. ಅಲ್ಲಿ ಅದನ್ನು ಮುಚ್ಚಿದ ಪೈಪಿನಲ್ಲಿ ಮನೆಯ ಪಕ್ಕದಿಂದ ತಗ್ಗಿನ ಕಡೆಗೆ ಸಾಗಿಸಲೇಬೇಕು. ದೋಣಿಯಲ್ಲಿ ಎಲೆ ತುಂಬಿ ನೀರು ಹೊರಚೆಲ್ಲುತ್ತಿದೆಯೇ ಎಂಬುದನ್ನೂ ಅದೇ ಮಳೆಯಲ್ಲಿ ನೋಡಿಬಿಡಿ. ಚರಂಡಿಗೆಂದು ದೊಡ್ಡ ಮೊತ್ತ ಎತ್ತಿಟ್ಟವರ ಮನೆಯಲ್ಲೂ ಕಸ ಕಟ್ಟಿದ ದೋಣಿಯೇ ಮೂಲ ಕಾರಣವಾಗಿರುವುದುಂಟು.

ಎರಡನೆಯದು ನೆಲದ ಇಳಿಜಾರು, ಅಂದರೆ ಗಾರೆಯವರು ಹೇಳುವ ವಾಟ. ಅಮೆರಿಕದ ಬಹುಪಾಲು ರಾಜ್ಯಗಳು ಆಧಾರವಾಗಿ ಬಳಸುವ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಎಂಬ ವಸತಿ ಕಟ್ಟಡ ಸಂಹಿತೆಯ ಪ್ರಕಾರ, ಅಡಿಪಾಯದಿಂದ ಹೊರಕ್ಕೆ ಮೊದಲ 10 ಅಡಿಯೊಳಗೆ ನೆಲ 6 ಅಂಗುಲ ಇಳಿದಿರಬೇಕು. ಮೆಟ್ರಿಕ್ ಲೆಕ್ಕದಲ್ಲಿ 3 ಮೀಟರಿಗೆ ಸುಮಾರು 15 ಸೆಂಟಿಮೀಟರ್. ಕಾಂಕ್ರೀಟು, ಕಲ್ಲುಹಾಸಿನಂತಹ ಗಟ್ಟಿ ನೆಲಕ್ಕಾದರೆ 100ಕ್ಕೆ 2ರಷ್ಟು ಇಳಿಜಾರು ಸಾಕು. ಎಲ್ಲಿಯೇ ಕಟ್ಟಿದರೂ ಇದು ಒಳ್ಳೆಯ ಅಳತೆ. ಗೋಡೆಯ ಬುಡದ ತಗ್ಗನ್ನು ತುಂಬಲು ಮರಳನ್ನಾಗಲೀ ಗೊಬ್ಬರ ಬೆರೆಸಿದ ಸಡಿಲ ಮಣ್ಣನ್ನಾಗಲೀ ಬಳಸಬೇಡಿ. ಸ್ವಲ್ಪ ಜೇಡಿಯ ಅಂಶವಿರುವ ಮಣ್ಣನ್ನು ಪದರ ಪದರವಾಗಿ ಹಾಕಿ, ಒದ್ದೆ ಮಾಡಿ, ಗಟ್ಟಿಯಾಗಿ ದಿಮ್ಮಿಸಬೇಕು. ಹುಲ್ಲಿಗೆ ಬೇಕಾದ ಮೇಲ್ಮಣ್ಣನ್ನು ತೆಳುವಾಗಿ ಅದರ ಮೇಲೆ ಹರಡಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ವಾಟ ಕೊಡುವ ಉತ್ಸಾಹದಲ್ಲಿ ಮಣ್ಣನ್ನು ಎತ್ತರಿಸುತ್ತಾ ಹೋಗಿ ಗಾಳಿಕಿಂಡಿಯನ್ನು ಮುಚ್ಚುವುದು, ಇಲ್ಲವೇ ಗೋಡೆಯ ಮರದ ಹೊದಿಕೆಗೆ ಮಣ್ಣು ತಾಗಿಸುವುದು ಬಹಳ ಕಡೆ ಕಾಣುವ ತಪ್ಪು. ಮರಕ್ಕೂ ಮಣ್ಣಿಗೂ ನಡುವೆ ಕನಿಷ್ಠ 15 ಸೆಂಟಿಮೀಟರ್ ಬರಿಗೋಡೆ ಕಾಣುತ್ತಿರಬೇಕು. ಅಷ್ಟು ಬಿಡದಿದ್ದರೆ ನೀರನ್ನು ಹೊರಗಿಡಲು ಹೋಗಿ ಗೆದ್ದಲಿಗೆ ಕಣ್ಣಿಗೆ ಕಾಣದ ದಾರಿ ಮಾಡಿಕೊಟ್ಟಂತಾಗುತ್ತದೆ. ಮಣ್ಣು ಏರಿಸಲು ಜಾಗವಿಲ್ಲದಿದ್ದರೆ ಆಚೆಯ ನೆಲವನ್ನು ತಗ್ಗಿಸಬೇಕು. ಮೇಲ್ಮೈ ಚರಂಡಿಯ ನಿಜವಾದ ಪಾತ್ರ ಶುರುವಾಗುವುದು ಇಲ್ಲಿಂದ.

ನಿಮ್ಮಂತೆ ಹಿತ್ತಲು ಮೇಲಿದ್ದು ಮನೆ ಕೆಳಗಿರುವ ನಿವೇಶನದಲ್ಲಿ ನಾನು ಮೊದಲು ಸೂಚಿಸುವುದು ಪೈಪನ್ನಲ್ಲ, ಆಳವಿಲ್ಲದ ಅಗಲವಾದ ಹುಲ್ಲುಗಾಲುವೆಯನ್ನು. ಹಿಂಗೋಡೆಯಿಂದ 3 ಮೀಟರ್ ಅಥವಾ ಅದಕ್ಕೂ ಹೆಚ್ಚು ದೂರದಲ್ಲಿ, ಇಳಿಜಾರಿಗೆ ಅಡ್ಡಲಾಗಿ ಅದನ್ನು ತೆಗೆದು, ಎರಡೂ ತುದಿಗಳನ್ನು ಮನೆಯ ಪಕ್ಕಗಳಿಂದ ಬಳಸಿ ತಗ್ಗಿನ ಕಡೆಗೆ ಬಿಡಬೇಕು. ಅದರ ತಳ ಗೋಡೆಯ ಬುಡದ ನೆಲಕ್ಕಿಂತ 15 ಸೆಂಟಿಮೀಟರ್ ಆದರೂ ತಗ್ಗಿರಬೇಕು, ಉದ್ದಕ್ಕೆ 100ಕ್ಕೆ 1ರಿಂದ 2ರಷ್ಟು ವಾಟವಿರಬೇಕು. ಮೇಲಿಂದ ಬರುವ ನೀರು ಮನೆಯನ್ನು ಮುಟ್ಟುವ ಮೊದಲೇ ಕಾಲುವೆಗೆ ಸೇರಿಕೊಳ್ಳುತ್ತದೆ, ಗೋಡೆಯ ಕಡೆಯಿಂದ ಹರಿದ ನೀರೂ ಅಲ್ಲಿಗೇ ಬರುತ್ತದೆ. ಹುಲ್ಲುಗಾಲುವೆಗೆ ಕಟ್ಟಿಕೊಳ್ಳುವ ಜಾಲರಿಯಿಲ್ಲ, ಒಡೆಯುವ ಪೈಪಿಲ್ಲ, ಕೆಟ್ಟರೆ ಹೊರಗಿನಿಂದಲೇ ಕಾಣುತ್ತದೆ. ಅಗಲ ಸಾಲದ ಕಡೆ, ದಾರಿ ಅಡ್ಡ ಬಂದ ಕಡೆ, ನೆಲ ಸಮತಟ್ಟಾಗಿ ವಾಟವೇ ಸಿಗದ ಕಡೆ ಮಾತ್ರ ಜಾಲರಿ ಚೇಂಬರನ್ನೂ (ನೆಲದ ನೀರು ಇಳಿದು ಸೇರುವಂತೆ ಹೂತಿಟ್ಟ, ಜಾಲರಿ ಮುಚ್ಚಿದ ಸಣ್ಣ ತೊಟ್ಟಿ) ಪೈಪನ್ನೂ ತರಬೇಕು ಎಂಬುದು ನನ್ನ ಅಭಿಪ್ರಾಯ.

ಚೇಂಬರನ್ನು ಇಡಬೇಕಾದದ್ದು ನೀರು ನಿಲ್ಲುವ ಅತ್ಯಂತ ತಗ್ಗಿನ ಬಿಂದುವಿನಲ್ಲಿ. ಕಣ್ಣಂದಾಜಿಗೆ ತಗ್ಗೆನಿಸಿದ ಜಾಗ ಬೇರೆಯೇ ಇರಬಹುದು, ಆದ್ದರಿಂದ ಮಳೆಯಲ್ಲಿ ನೀವು ಹಾಕಿದ ಗುರುತನ್ನು ರಸಮಟ್ಟದಿಂದಲೋ ನೀರು ತುಂಬಿದ ಟ್ಯೂಬಿನಿಂದಲೋ ತಾಳೆ ನೋಡಿ. ಗೋಡೆಗೆ ತಾಗಿದಂತೆ ಚೇಂಬರ್ ಇಡುವುದನ್ನು ತಪ್ಪಿಸಿ, ನೆಲವನ್ನು ತಿದ್ದಿ ತಗ್ಗಿನ ಬಿಂದುವನ್ನೇ ಗೋಡೆಯಿಂದ ದೂರಕ್ಕೆ ಸರಿಸಿ. ಜಾಲರಿಯ ಮೇಲ್ಮೈ ಸುತ್ತಲಿನ ನೆಲಕ್ಕಿಂತ ಕೂದಲೆಳೆಯಷ್ಟಾದರೂ ತಗ್ಗಿರಬೇಕು. ಸ್ವಲ್ಪ ಎತ್ತರ ಉಳಿದರೂ ನೀರು ಅದನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಪೈಪು ಹೊರಡುವ ಮಟ್ಟಕ್ಕಿಂತ 15 ಸೆಂಟಿಮೀಟರ್‌ನಷ್ಟು ಆಳ ಚೇಂಬರಿನಲ್ಲಿ ಉಳಿದಿದ್ದರೆ ಮಣ್ಣು, ಕಸ ಅಲ್ಲೇ ತಂಗುತ್ತವೆ, ಪೈಪು ಕಟ್ಟಿಕೊಳ್ಳುವುದು ತಪ್ಪುತ್ತದೆ. ಅಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಬೆಳೆಯದಿರಲೆಂದು ಚೇಂಬರಿನ ತಳಕ್ಕೆ ರಂಧ್ರ ಕೊರೆಯುವವರಿದ್ದಾರೆ. ಅಡಿಪಾಯದ ಹತ್ತಿರ ಅದು ಬೇಡ, ಅಲ್ಲಿ ಕೈಯಿಂದಲೇ ಶುಚಿ ಮಾಡುವುದು ಲೇಸು. ಕಾಂಕ್ರೀಟು ಅಂಗಳ ಮನೆಯ ಕಡೆಗೆ ವಾಲಿದ್ದರೆ ಅದಕ್ಕೆ ಒಂದೇ ಚೇಂಬರ್ ಸಾಲದು. ಅಂಗಳದ ಉದ್ದಕ್ಕೂ ಅಡ್ಡಲಾಗಿ ಜಾಲರಿಯಿರುವ ಉದ್ದ ಚರಂಡಿಯನ್ನು ಕೂರಿಸಬೇಕು, ಅದರ ಮೇಲೆ ಕಾರು ಓಡಾಡುವುದಾದರೆ ವಾಹನದ ಭಾರಕ್ಕೆಂದೇ ಮಾಡಿದ ಜಾಲರಿಯನ್ನು ಕೇಳಿ ಪಡೆಯಬೇಕು.

ಪೈಪಿನ ಗಾತ್ರಕ್ಕೆ ಲೆಕ್ಕವಿದೆ. ಗಂಟೆಗೆ 60 ಮಿಲಿಮೀಟರ್ ದರದ ಮಳೆ ಎಂದರೆ ನಿಮಿಷಕ್ಕೆ 1 ಮಿಲಿಮೀಟರ್. ಆಗ 60 ಚದರ ಮೀಟರ್ ಛಾವಣಿ ಸೆಕೆಂಡಿಗೆ 1 ಲೀಟರ್ ನೀರು ಕೊಡುತ್ತದೆ. 200 ಚದರ ಮೀಟರ್ ಹಿತ್ತಲಿನಲ್ಲಿ ಅರ್ಧದಷ್ಟು ಇಂಗಿ ಅರ್ಧದಷ್ಟು ಹರಿಯುತ್ತದೆ ಎಂದು ಹಿಡಿದರೆ ಸೆಕೆಂಡಿಗೆ ಇನ್ನೂ ಸುಮಾರು 1.7 ಲೀಟರ್ ಸೇರುತ್ತದೆ. ಒಳಮೈ ನುಣುಪಾಗಿರುವ 100 ಮಿಲಿಮೀಟರ್ ಪಿವಿಸಿ ಪೈಪು, ಮೀಟರಿಗೆ 1 ಸೆಂಟಿಮೀಟರ್ ವಾಟದಲ್ಲಿ, ತುಂಬಿ ಹರಿದಾಗ ಸೆಕೆಂಡಿಗೆ ಸುಮಾರು 5ರಿಂದ 6 ಲೀಟರ್ ಸಾಗಿಸಬಲ್ಲದು. ಹೀಗಾಗಿ ಇಷ್ಟು ಗಾತ್ರದ ಜಾಗಕ್ಕೆ ಅದು ಸಾಕು. ಇದಕ್ಕಿಂತ ಬಹಳ ಬಿರುಸಾದ ಮಳೆ ಬೀಳುವ ಪ್ರದೇಶವಾದರೆ 150 ಮಿಲಿಮೀಟರ್ ಪೈಪಿಗೆ ಹೋಗಿ, ಅದೇ ವಾಟದಲ್ಲಿ ಅದು ಹೆಚ್ಚುಕಡಿಮೆ ಮೂರು ಪಟ್ಟು ಸಾಗಿಸುತ್ತದೆ. ಸುರುಳಿಯಾಗಿ ಸಿಗುವ ಸುಕ್ಕುಮೈಯ ಮೆತುಪೈಪು ಅಗ್ಗವೂ ಹೌದು, ಹಾಕಲು ಸುಲಭವೂ ಹೌದು. ಆದರೆ ಅದರಲ್ಲಿ ಹರಿವು ಬಹಳ ಕುಗ್ಗುತ್ತದೆ, ಅಲ್ಲಲ್ಲಿ ಜಗ್ಗಿ ಕಸ ಹಿಡಿಯುತ್ತದೆ, ಶುಚಿ ಮಾಡುವ ಸರಳು ಒಳಹೊಕ್ಕರೆ ಹರಿದೂ ಹೋಗುತ್ತದೆ. ಮಣ್ಣಿನಡಿ ಹೂಳುವ ಕೆಲಸಕ್ಕೆ ಅದನ್ನು ನಾನು ಒಪ್ಪುವುದಿಲ್ಲ.

ಮೇಲ್ಮೈ ನೀರನ್ನೂ ಛಾವಣಿಯ ನೀರನ್ನೂ ಸಾಗಿಸುವ ಪೈಪಿಗೆ ರಂಧ್ರಗಳಿರಕೂಡದು. ಜಲ್ಲಿಯಲ್ಲಿ ಹೂತ ರಂಧ್ರದ ಪೈಪು ಮಣ್ಣಿನೊಳಗಿನ ನೀರನ್ನು ಹೀರಿಕೊಳ್ಳಲು ಇರುವಂಥದ್ದು. ಅದರೊಳಗೆ ಛಾವಣಿಯ ನೀರನ್ನು ಬಿಟ್ಟರೆ, ಯಾವ ಜಾಗವನ್ನು ಒಣಗಿಸಬೇಕಿತ್ತೋ ಅದೇ ಜಾಗಕ್ಕೆ ಉದ್ದಕ್ಕೂ ನೀರುಣಿಸಿದಂತಾಗುತ್ತದೆ. ಎರಡೂ ಬೇಕಾದ ನಿವೇಶನದಲ್ಲಿ ಎರಡು ಪೈಪುಗಳನ್ನು ಬೇರೆಬೇರೆಯಾಗಿಯೇ ಕೊನೆಯವರೆಗೆ ಒಯ್ಯಬೇಕು. ಗುತ್ತಿಗೆದಾರರು ಒಂದೇ ಪೈಪಿನಲ್ಲಿ ಎರಡೂ ಕೆಲಸ ಮುಗಿಸುತ್ತೇನೆ ಎಂದರೆ ಅವರನ್ನು ಅಲ್ಲಿಗೇ ನಿಲ್ಲಿಸಿ.

ನೀರು ಎಲ್ಲಿ ಹೊರಬೀಳುತ್ತದೆ ಎಂಬುದನ್ನು ತೀರ್ಮಾನಿಸದೆ ಒಂದು ಗುದ್ದಲಿ ಮಣ್ಣನ್ನೂ ತೆಗೆಯಬಾರದು. ಚೇಂಬರಿನಲ್ಲಿ ಪೈಪು ನೆಲಮಟ್ಟದಿಂದ 40 ಸೆಂಟಿಮೀಟರ್ ಕೆಳಗೆ ಹೊರಟು, ಮೀಟರಿಗೆ 1 ಸೆಂಟಿಮೀಟರಿನಂತೆ ಇಳಿಯುತ್ತಾ 20 ಮೀಟರ್ ಹೋದರೆ, ಅದರ ತುದಿ ಚೇಂಬರಿನ ನೆಲಮಟ್ಟಕ್ಕಿಂತ 60 ಸೆಂಟಿಮೀಟರ್ ಕೆಳಗಿರುತ್ತದೆ. ಆ ಜಾಗದಲ್ಲಿ ನಿಮ್ಮ ನೆಲವೂ ಅಷ್ಟು ಇಳಿದಿದ್ದರೆ ಪೈಪಿನ ಬಾಯಿ ತಾನಾಗಿ ಬಯಲಿಗೆ ತೆರೆದುಕೊಳ್ಳುತ್ತದೆ. ಇಳಿದಿರದಿದ್ದರೆ ಪೈಪು ಸದಾ ನೀರು ತುಂಬಿಕೊಂಡು ನಿಲ್ಲುತ್ತದೆ. ಬಯಲಿಗೆ ಬಿಡುವುದು ಸಾಧ್ಯವಿರುವಲ್ಲಿ ಅದಕ್ಕಿಂತ ಉತ್ತಮವಾದದ್ದು ಇನ್ನೊಂದಿಲ್ಲ. ನೀರು ಬೀಳುವ ಕಡೆ ಮಣ್ಣು ಕೊಚ್ಚದಂತೆ ಕಲ್ಲು ಜೋಡಿಸಿ, ಇಲಿ ಹೆಗ್ಗಣ ನುಗ್ಗದಂತೆ ಬಾಯಿಗೆ ಬಲೆ ಹಾಕಿ. ನೆರೆಯವರ ಜಾಗಕ್ಕೆ ನೀರನ್ನು ಒಟ್ಟುಮಾಡಿ ಬಿಡುವುದೂ, ಮನೆಯ ಮಲಿನ ನೀರಿನ ಒಳಚರಂಡಿಗೆ ಮಳೆನೀರನ್ನು ಸೇರಿಸುವುದೂ ಹಲವೆಡೆ ನಿಷಿದ್ಧ. ಬೀದಿ ಚರಂಡಿಗೆ ಸೇರಿಸಬೇಕಾದರೆ ಸ್ಥಳೀಯ ಆಡಳಿತವನ್ನು ಮೊದಲು ಕೇಳಿ.

ಬಯಲಿಗೆ ಬಿಡಲು ತಗ್ಗು ಸಿಗದಿದ್ದರೆ ಇಂಗುಗುಂಡಿಯ ಮಾತು ಬರುತ್ತದೆ. ಅದನ್ನು ಮನೆಯಿಂದ ಕನಿಷ್ಠ 5 ಮೀಟರ್ ದೂರದಲ್ಲಿ, ಮನೆಗಿಂತ ತಗ್ಗಿನ ಕಡೆ ಮಾಡಬೇಕು. ಮಾಡುವ ಮುನ್ನ ಅಲ್ಲಿ ಒಂದು ಸಣ್ಣ ಕುಣಿ ತೋಡಿ, ನೀರು ತುಂಬಿ ಇಂಗಲು ಬಿಟ್ಟು, ಮತ್ತೆ ತುಂಬಿ, ಎರಡನೆಯ ಸಲ ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಅಳೆಯಿರಿ. ಒಣ ಮಣ್ಣು ಮೊದಲ ಸಲ ನೀರನ್ನು ಆತುರದಿಂದ ಕುಡಿದು ತಪ್ಪು ಭರವಸೆ ಕೊಡುತ್ತದೆ. ಎರಡನೆಯ ಸಲ ಮರುದಿನವೂ ನೀರು ನಿಂತಿದ್ದರೆ ಆ ಜೇಡಿಮಣ್ಣಿನಲ್ಲಿ ಇಂಗುಗುಂಡಿ ಕೆಲಸಕ್ಕೆ ಬಾರದು. ಆಗ ನೀರನ್ನು ತೊಟ್ಟಿಯಲ್ಲಿ ಕೂಡಿಟ್ಟು ಪಂಪಿನಿಂದ ಎತ್ತಿ ಹಾಕುವುದೊಂದೇ ಉಳಿಯುವ ದಾರಿ.

ಅಗೆತದ ಬಗ್ಗೆ ಎರಡು ಮಾತು. ಮಣ್ಣಿನಡಿಯ ವಿದ್ಯುತ್ ತಂತಿ, ಅನಿಲ ಮತ್ತು ನೀರಿನ ಪೈಪುಗಳು ಎಲ್ಲಿವೆ ಎಂಬುದನ್ನು ಸಂಬಂಧಪಟ್ಟವರಿಂದ ಗುರುತು ಮಾಡಿಸಿಕೊಂಡೇ ಅಗೆಯಿರಿ. ಅಡಿಪಾಯದ ಪಕ್ಕದಲ್ಲೇ ಅದರ ತಳಕ್ಕಿಂತ ಆಳವಾಗಿ ಕಂದಕ ತೋಡಿದರೆ ಅಡಿಪಾಯದ ಕೆಳಗಿನ ಮಣ್ಣು ಸರಿಯುವ ಅಪಾಯವಿದೆ, ಅಂತಹ ಆಳ ಬೇಕಾದರೆ ಎಂಜಿನಿಯರ್ ಸ್ಥಳ ನೋಡಲೇಬೇಕು.

ಈಗ ಎರಡನೆಯ ಗುತ್ತಿಗೆದಾರರ ಸಲಹೆಗೆ ಬರೋಣ. ಪ್ಲಾಸ್ಟಿಕ್ ಹಾಳೆ ಬೇಡವೆಂದು ನಾನು ಹೇಳುತ್ತಿಲ್ಲ. ಹೊರಗಿನ ನೀರು ಸಂಪೂರ್ಣ ನಿಂತರೂ ಬರಿಮಣ್ಣಿನಿಂದ ತೇವ ಆವಿಯಾಗಿ ಏಳುತ್ತಲೇ ಇರುತ್ತದೆ, ಅದನ್ನು ತಡೆಯುವುದು ಹಾಳೆಯೇ. ಕನಿಷ್ಠ 0.15 ಮಿಲಿಮೀಟರ್ ದಪ್ಪದ ಪಾಲಿಥೀನನ್ನು, ಒಂದರ ಮೇಲೊಂದು 15 ಸೆಂಟಿಮೀಟರ್ ಬರುವಂತೆ ಹಾಸಿ, ಸಂದುಗಳಿಗೆ ಪಟ್ಟಿ ಅಂಟಿಸಿ, ಅಂಚುಗಳನ್ನು ಗೋಡೆಯ ಮೇಲಕ್ಕೆ ಏರಿಸಿ ಕಟ್ಟಬೇಕು. ಆದರೆ ನೀರು ನುಗ್ಗುವ ಜಾಗಕ್ಕೆ ಮೊದಲೇ ಹಾಳೆ ಹಾಸಿದರೆ ನೀರು ಅದರ ಮೇಲೂ ಕೆಳಗೂ ಸಿಕ್ಕಿಕೊಂಡು ಮೊದಲಿಗಿಂತ ಕೆಡುತ್ತದೆ. ಪಂಪಿನ ಮಾತೂ ಹಾಗೆಯೇ. ಅಂತರ್ಜಲ ಏರುವ ನಿವೇಶನದಲ್ಲಿ ಅದು ಅನಿವಾರ್ಯ. ನಿಮ್ಮಲ್ಲಿ ಅದೊಂದನ್ನೇ ನೆಚ್ಚಿಕೊಂಡರೆ, ಹೊರಗೆ ತಿರುಗಿಸಬಹುದಾಗಿದ್ದ ನೀರನ್ನು ಅಡಿಪಾಯದ ಮೂಲಕ ಒಳಗೆ ಬರಗೊಟ್ಟು ಮತ್ತೆ ಹೊರಹಾಕಿದಂತಾಗುತ್ತದೆ, ಬಿರುಗಾಳಿ ಮಳೆಯಲ್ಲಿ ವಿದ್ಯುತ್ ಹೋದರೆ ಅದೂ ನಿಲ್ಲುತ್ತದೆ. ಚರಂಡಿ, ವಾಟ ಎಲ್ಲ ಸರಿಯಾದ ಮೇಲೂ ನೀರು ಒಸರಿದರೆ ಆಗ ಪಂಪಿನ ಯೋಚನೆ ಮಾಡಿ.

ಗಾಳಿಕಿಂಡಿಗಳ ವಿಷಯದಲ್ಲೂ ತಪ್ಪು ತಿಳಿವಳಿಕೆ ಹೆಚ್ಚು. ಕಿಂಡಿ ತೆರೆದಿಟ್ಟರೆ ಒಳಗು ಒಣಗುತ್ತದೆ ಎಂಬುದು ಹೊರಗಿನ ಗಾಳಿ ಒಣಗಿದ್ದಾಗ ಮಾತ್ರ ನಿಜ. 30 ಡಿಗ್ರಿ ಸೆಲ್ಸಿಯಸ್ ಇರುವ, 70 ಶೇಕಡಾ ಆರ್ದ್ರತೆಯ ಗಾಳಿ ಸುಮಾರು 24 ಡಿಗ್ರಿಗೆ ಇಳಿದರೆ ಹನಿಗಟ್ಟುತ್ತದೆ. ಮನೆಯಡಿಯ ಪೈಪು, ಗೋಡೆಗಳು ಅದಕ್ಕಿಂತ ತಂಪಾಗಿರುವುದು ಸಾಮಾನ್ಯ. ಅಂತಹ ಹವೆಯಲ್ಲಿ ತೆರೆದ ಕಿಂಡಿ ತೇವವನ್ನು ಒಳಗೆ ತರುತ್ತದೆ. ಕಿಂಡಿ ಮುಚ್ಚಿ ತೇವನಿವಾರಕ ಯಂತ್ರ ಇಡುವ ಪದ್ಧತಿ ಈ ಕಾರಣದಿಂದ ಬಂದದ್ದು. ಅದನ್ನು ಕೈಗೊಳ್ಳುವ ಮೊದಲು ಅನಿಲ ಅಥವಾ ಎಣ್ಣೆ ಉರಿಸುವ ಯಂತ್ರವೇನಾದರೂ ಆ ಜಾಗದ ಗಾಳಿಯನ್ನು ಬಳಸುತ್ತಿದೆಯೇ ಎಂದು ಪರಿಶೀಲಿಸುವುದು ಕಡ್ಡಾಯ.

ಕೆಲಸದ ಕ್ರಮ ಹೀಗಿರಲಿ: ಮೊದಲು ದೋಣಿ ಮತ್ತು ಇಳಿಪೈಪು, ಅನಂತರ ಗೋಡೆಯ ಬುಡದ ವಾಟ, ಆಮೇಲೆ ಹಿತ್ತಲಿನ ಹುಲ್ಲುಗಾಲುವೆ, ಇಷ್ಟಾದ ಮೇಲೂ ನೀರು ನಿಲ್ಲುವ ಬಿಂದುಗಳಿಗೆ ಚೇಂಬರ್ ಮತ್ತು ಪೈಪು. ಪೈಪು ಹಾಕಿದ ದಿನವೇ, ಕಂದಕ ಮುಚ್ಚುವ ಮೊದಲು, ತೋಟಕ್ಕೆ ನೀರು ಹಾಕುವ ಮೆದುಪೈಪಿನಿಂದ ಚೇಂಬರಿಗೆ ನೀರು ಬಿಟ್ಟು ಅದು ತುದಿಯಲ್ಲಿ ಸರಾಗವಾಗಿ ಹೊರಬೀಳುವುದನ್ನು ನಿಮ್ಮ ಕಣ್ಣಾರೆ ನೋಡಿ, ತಿರುವುಗಳಲ್ಲಿ ಶುಚಿ ಮಾಡಲು ಮುಚ್ಚಳವಿರುವ ಬಾಯಿ ಇಟ್ಟಿದ್ದಾರೆಯೇ ಎಂದೂ ನೋಡಿ. ಮಳೆಗಾಲದ ಮುನ್ನ ಒಮ್ಮೆ, ಎಲೆ ಉದುರಿದ ಮೇಲೆ ಒಮ್ಮೆ ಜಾಲರಿ ಎತ್ತಿ ಚೇಂಬರಿನ ಹೂಳು ತೆಗೆಯಬೇಕು.

ಇವೆಲ್ಲ ಮುಗಿದ ಮೇಲೆ ಎರಡು ಮೂರು ಒಳ್ಳೆಯ ಮಳೆ ಕಳೆಯಲಿ. ಆ ಮಳೆಗಳಲ್ಲಿ ಒಳಗೆ ಹೊಸ ನೀರು ಬಾರದಿದ್ದರೆ ಹಾಳೆ ಹಾಸಿ, ತೇವಮಾಪಕದ ಮೊನೆಯನ್ನು ತೊಲೆಗಳಿಗೆ ಅಲ್ಲಲ್ಲಿ ಚುಚ್ಚಿ ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಮರದ ತೇವ 20 ಶೇಕಡಾಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಲ್ಲಬೇಕು. 28ರಿಂದ 30 ಶೇಕಡಾ ಆಸುಪಾಸಿನಲ್ಲೇ ಉಳಿದರೆ ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಅದು ಹದವಾದ ಸ್ಥಿತಿ, ಹೊರಗೆಲ್ಲ ಸರಿಯಾಗಿ ಕಂಡರೂ ಆಗ ಅಂತರ್ಜಲವನ್ನೂ ಗಾಳಿಯ ತೇವವನ್ನೂ ಹೊಸದಾಗಿ ಪರೀಕ್ಷಿಸಬೇಕಾಗುತ್ತದೆ.